ಪಕ್ಕದ ಮನೆಯ ಖಾನೆ

ಸೋಮವಾರ ಬೆಳಿಗ್ಗೆ ಪೆಟ್ಟಿಗೆಯ ಎರಡನೆಯ ಖಾನೆಯ ದೀಪ ಹಸಿರಿನಿಂದ ಕೆಂಪಿಗೆ ತಿರುಗಿತು. ಸಣ್ಣಗೆ ಗಂಟೆ ಬಾರಿಸಿ ಪೆಟ್ಟಿಗೆ ಸಾವಕಾಶವಾಗಿ ಹೇಳಿತು: “ಎರಡನೆಯ ಡಿಸ್ಕ್ ಕೆಟ್ಟಿದೆ. ಗಾಬರಿಯಾಗಬೇಡಿ. ಅದರ ಜಾಗಕ್ಕೆ ಹೊಸದನ್ನು ಹಾಕಿ. ಪಕ್ಕದ ಮನೆಯಿಂದ ನಿಮ್ಮ ಐದನೆಯ ಡಿಸ್ಕನ್ನು ತರಿಸಿ.”

2064ರ ಹೊತ್ತಿಗೆ ಬೆಟಗೇರಿಯ ಆ ಓಣಿಯಲ್ಲಿ ಇಂಥ ಪೆಟ್ಟಿಗೆ ಇಲ್ಲದ ಮನೆಯೇ ಇರಲಿಲ್ಲ. ಜನರ ಫೋಟೊ, ವಿಡಿಯೊ, ಕಾಗದಪತ್ರಗಳನ್ನು ಎಲ್ಲೋ ದೂರದಲ್ಲಿ ಇಟ್ಟುಕೊಳ್ಳುತ್ತಿದ್ದ ಕಂಪನಿಗಳು ಹತ್ತು ವರ್ಷದ ಹಿಂದೆ ಒಂದೊಂದಾಗಿ ಬಾಗಿಲು ಹಾಕಿ, ನಿಮ್ಮ ಸಾಮಾನು ನೀವು ಒಯ್ಯಿರಿ ಎಂದಿದ್ದವು. ಅವನ್ನೆಲ್ಲ ಮನೆಯಲ್ಲೇ ಇಟ್ಟುಕೊಳ್ಳುವುದು ಅನಿವಾರ್ಯವಾದಾಗ ಧಾರವಾಡದ ವಿಜ್ಞಾನಿ ಡಾ. ಮಹಾನಂದಾ ಕುಂದರಗಿ ಈ ಪೆಟ್ಟಿಗೆಯನ್ನು ಕಂಡುಹಿಡಿದರು. ಐದು ಖಾನೆ, ಐದು ಡಿಸ್ಕು. ನಾಲ್ಕರಲ್ಲಿ ಮನೆಯವರದನ್ನೆಲ್ಲ ಹೋಳು ಹೋಳಾಗಿ ಹಂಚಿ ಇಡುತ್ತದೆ. ಐದನೆಯದು ಪಕ್ಕದ ಮನೆಯವರದು. ಹಾಗೆಯೇ ನಿಮ್ಮ ಐದನೆಯದು ಅವರ ಪೆಟ್ಟಿಗೆಯಲ್ಲಿರುತ್ತದೆ. ಸಿಡಿಲಿಗೋ ನೀರಿಗೋ ಮನೆಯ ಒಂದು ಡಿಸ್ಕು ಹೋದರೆ, ಅದನ್ನು ಮತ್ತೆ ಕಟ್ಟಿಕೊಡುವ ಲೆಕ್ಕದ ಡಿಸ್ಕೂ ಜೊತೆಗೇ ಹೋಗಬಾರದು; ಅದೊಂದಾದರೂ ಹೊರಗಿರಲಿ ಎಂಬುದು ಅವರ ಯೋಚನೆ.

ಕೆಂಪು ದೀಪದ ಪೆಟ್ಟಿಗೆ ಭುವನೇಶ್ವರಿ ಅಕ್ಕೋರದು. ಮೂವತ್ತೆರಡು ವರ್ಷ ಶಾಲೆಯಲ್ಲಿ ಕನ್ನಡ ಕಲಿಸಿ ನಿವೃತ್ತರಾದವರು. ಅವರ ಗಂಟಲಲ್ಲಿ ಗಡ್ಡೆ ಬೆಳೆದು ದನಿ ಗೊಗ್ಗರಾಗಿತ್ತು. ಶುಕ್ರವಾರ ಆಪರೇಷನ್, ಆಮೇಲೆ ಆ ದನಿಯೂ ಇರುವುದಿಲ್ಲ. ಕೊರಳಿಗೆ ನಾಣ್ಯದಷ್ಟು ಅಗಲದ ಯಂತ್ರ ಕೂರಿಸುತ್ತಾರೆ, ಅದು ಅವರ ಹಳೆಯ ದನಿಯಲ್ಲೇ ಮಾತಾಡುತ್ತದೆ. ಆದರೆ ಅದಕ್ಕೆ ಕಲಿಸಲು ಕನಿಷ್ಠ ಎಂಟು ತಾಸಿನ ಹಳೆಯ ದನಿ ಬೇಕು, ಗುರುವಾರದೊಳಗೆ ಬೇಕು ಎಂದು ಆಸ್ಪತ್ರೆಯವರು ಹೇಳಿದ್ದರು. ಅಕ್ಕೋರು ಪಾಠ ಮಾಡಿದ್ದೆಲ್ಲ ಪೆಟ್ಟಿಗೆಯಲ್ಲಿತ್ತು. ಇವತ್ತು ಕೊಡೋಣ, ನಾಳೆ ಕೊಡೋಣ ಎಂದು ಮುಂದೂಡುತ್ತ ಬಂದಿದ್ದರು. ಪೆಟ್ಟಿಗೆ ಇದೆಯಲ್ಲ ಎಂಬ ಧೈರ್ಯ.

ಪೆಟ್ಟಿಗೆ ಮಾರಿದ ಅಂಗಡಿಯವನು ಕೈಚೆಲ್ಲಿದ್ದರಿಂದ ಮಹಾನಂದಾ ಅವರೇ ಮಧ್ಯಾಹ್ನದ ಬಸ್ಸಿಗೆ ಬಂದರು. ಆ ವರ್ಷ ಅವರು ಹೀಗೆ ಹೋದ ನಲವತ್ತೊಂದನೆಯ ಮನೆ ಇದು. ಕಂಡುಹಿಡಿದವರು ನೀವೇ ಅಲ್ಲವೇ ಎಂದು ಜನ ಹೊತ್ತಲ್ಲದ ಹೊತ್ತಿನಲ್ಲಿ ಫೋನು ಮಾಡುತ್ತಿದ್ದರು. ಎಲ್ಲರದೂ ಒಂದೇ ಪ್ರಶ್ನೆ: ಎಷ್ಟು ಖಾನೆಯದು ಒಳ್ಳೆಯದು? ಉತ್ತರ ಹೇಳಿ ಹೇಳಿ ಅವರ ಬಾಯಿ ಸವೆದಿತ್ತು. ಬಾಗಿಲ ಬಳಿಯ ಕುರ್ಚಿಯಲ್ಲೇ ಕುಸಿದು ಕೂತು ನೀರು ಕೇಳಿದರು.

“ಹೆದರೂದೇನಿಲ್ರಿ ಅಕ್ಕೋರ,” ಎಂದರು ನೀರು ಕುಡಿದು. “ಮೂರು, ಐದು, ಎರಡು, ಏಳು ಅಂತ ನಾಲ್ಕು ಅಂಕಿ ಬರದು, ಕೂಡಿಸಿ ಹದಿನೇಳು ಅಂತ ಪಕ್ಕದ ಮನ್ಯಾಗ ಬರದಿಟ್ಟಂಗ. ಇಲ್ಲಿ ಐದು ಅಳಿಸಿ ಹೋದ್ರ, ಹದಿನೇಳರಾಗ ಉಳಿದ ಮೂರೂ ಕಳದ್ರ ಐದು ಮತ್ತ ಸಿಗ್ತದ. ಒಂದು ಹೋದ್ರ ತಡೀತದ.”

“ಎರಡು ಹೋದ್ರ?” ಅಕ್ಕೋರು ಪಿಸುದನಿಯಲ್ಲಿ ಕೇಳಿದರು.

“ಎರಡು ಯಾಕ ಹೋಗ್ತಾವ್ರಿ?”

“ಅಂಗಡ್ಯಾಗ ಎಂಟು ಖಾನೆದೂ ಇತ್ತು. ಎಲ್ಲಾ ನಮ್ಮನ್ಯಾಗ ಇಟ್ಕೊಳ್ಳೂದು. ನಾನ ಬ್ಯಾಡ ಅಂದೆ. ಸುಮಂಗಲಾ ಇರೂಮುಂದ ನನಗ ಎಂಟು ಯಾಕ ಬೇಕು?”

ಅಷ್ಟರಲ್ಲಿ ಸುಮಂಗಲಾ ಬಡಿಗೇರ ಬಂದೇ ಬಿಟ್ಟರು. ನಡುವೆ ಒಂದು ಗೋಡೆ, ನಲವತ್ತು ವರ್ಷದ ಒಡನಾಟ. ಒಂದು ಕೈಯಲ್ಲಿ ಡಿಸ್ಕು, ಇನ್ನೊಂದು ಕೈಯಲ್ಲಿ ಶೇಂಗಾ ಉಂಡಿಯ ಸ್ಟೀಲು ಡಬ್ಬಿ. ಮಹಾನಂದಾ ಕೆಟ್ಟ ಡಿಸ್ಕಿನ ಜಾಗಕ್ಕೆ ಹೊಸದು ಹಾಕಿ, ಐದನೆಯ ಖಾನೆಯಲ್ಲಿದ್ದ ಸುಮಂಗಲಾ ಅವರ ಡಿಸ್ಕನ್ನು ತೆಗೆದಿಟ್ಟು, ತಂದದ್ದನ್ನು ಅಲ್ಲಿಗೆ ತಳ್ಳಿ ಕದ ಮುಚ್ಚಿದರು. ಪೆಟ್ಟಿಗೆ ಅರ್ಧ ನಿಮಿಷ ಗುಂಯ್ ಎಂದಿತು. ಆಮೇಲೆ, “ಈ ಡಿಸ್ಕಿನಲ್ಲಿ ಈ ಮನೆಯ ಲೆಕ್ಕ ಇಲ್ಲ,” ಎಂದಿತು.

ಮಹಾನಂದಾ ತೆಗೆದು ಒರೆಸಿ ಮತ್ತೆ ಹಾಕಿದರು. ಪೆಟ್ಟಿಗೆ ಅದೇ ಮಾತು ಹೇಳಿತು.

“ಇದರಾಗ ಏನರ ಮಾಡೀರೇನ್ರಿ?” ಎಂದು ಸುಮಂಗಲಾ ಅವರನ್ನು ಕೇಳಿದರು.

“ಕೆಟ್ಟದ್ದೇನೂ ಮಾಡಿಲ್ರಿ,” ಎಂದರು ಸುಮಂಗಲಾ. “ಕೊಡೂಕಿಂತ ಮೊದಲ ಒಮ್ಮೆ ಕಂಪ್ಯೂಟರಿಗೆ ಹಚ್ಚಿ ನೋಡಿದೆ. ಡಿಸ್ಕ್ ಖಾಲಿ ಐತಿ, ತಯಾರ ಮಾಡ್ಲೇನು ಅಂತ ಕೇಳ್ತು. ಹೂಂ ಅಂದೆ. ಅಕ್ಕೋರ ಸಾಮಾನು ಆರು ವರ್ಷ ಇಟ್ಕೊಂಡು ಖಾಲಿ ಹೆಂಗ ಕೊಡೂದ್ರಿ? ಒಂದ ವಾಟಗಾ ಬಟ್ಟಲಾ ತಿರುಗಿ ಕೊಡೂಮುಂದ ಸೈತ ಚಿಟಿಕಿ ಸಕ್ಕರಿ ಹಾಕಿ ಕೊಡ್ತೀವಿ. ಮಗಳ ಲಗ್ನ, ಮೊಮ್ಮಗಳ ತೊಟ್ಟಲಾ, ನಮ್ಮ ವಾಸ್ತುಶಾಂತಿ, ಎಲ್ಲಾ ತುಂಬಿ ಕೊಟ್ಟೇನ್ರಿ.”

ಮಹಾನಂದಾ ಕಣ್ಣು ಮುಚ್ಚಿದರು. ಐದನೆಯ ಡಿಸ್ಕಿನಲ್ಲಿರುವುದು ಬರೀ ಕೂಡಿಸಿದ ಅಂಕಿಗಳು. ಬೇರೆ ಕಂಪ್ಯೂಟರಿಗೆ ಅವು ಏನೂ ಅಲ್ಲ, ಆದ್ದರಿಂದ ಖಾಲಿ ಎನ್ನುತ್ತದೆ. ಓದಲು ಬಾರದ್ದು ಖಾಲಿಯಲ್ಲ ಎಂದು ಡಿಸ್ಕಿನ ಮೇಲೆ ಒಂದು ಸಾಲು ಬರೆಸಬೇಕೆಂದು ಅವರಿಗೆ ಹೊಳೆದಿರಲೇ ಇಲ್ಲ. ಪ್ರಯೋಗಾಲಯದಲ್ಲಿ ಬೆಂಕಿಗೆ, ನೀರಿಗೆ, ಸಿಡಿಲಿಗೆ ಎಲ್ಲಕ್ಕೂ ಪರೀಕ್ಷೆ ಮಾಡಿದ್ದರು. ಮರ್ಯಾದಸ್ಥರಿಗೆ ಮಾಡಿರಲಿಲ್ಲ.

“ಎರಡು ಹೋದ್ರ ನಾಲ್ಕೂ ಹೋದಂಗ್ರಿ,” ಎಂದರು. ಇಂಥ ಮಾತನ್ನು ಎಷ್ಟು ಮನೆಗಳಲ್ಲಿ ಹೇಳಿದರೂ ಅದು ಸಲೀಸಾಗುವುದಿಲ್ಲ. “ಪಾಠದ್ದು ಬ್ಯಾರೆ ಕಡೆ ಎಲ್ಲ್ಯಾರ ಕಾಪಿ ಐತೇನ್ರಿ?”

“ಪೆಟ್ಟಿಗಿ ಇತ್ತಲ್ರಿ,” ಎಂದರು ಅಕ್ಕೋರು.

ಆಮೇಲೆ ಅವರು ಗೋಡೆಯ ಕಡೆ ಮುಖ ಮಾಡಿ ಕೂತರು. ಸುಮಂಗಲಾ ಡಬ್ಬಿಯನ್ನು ನೆಲದ ಮೇಲಿಟ್ಟು ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು. ಬೈಯಲು ಅಕ್ಕೋರಿಗೆ ದನಿಯಿರಲಿಲ್ಲ.

ಮಹಾನಂದಾ ಸುಮ್ಮನೆ ಕೂರಲಾರದೆ ಆ ಡಿಸ್ಕನ್ನು ಅಕ್ಕೋರ ಟಿವಿಗೆ ಹಚ್ಚಿದರು. ಅಳಿಸಿದ್ದರಲ್ಲಿ ಏನಾದರೂ ಉಳಿದಿದೆಯೇ ನೋಡುವ ನೆಪ. ಉಳಿದಿರುವುದಿಲ್ಲ ಎಂದು ಅವರಿಗೆ ಗೊತ್ತಿತ್ತು. ತೊಟ್ಟಿಲ ದಿನದ ವಿಡಿಯೊ ತೆರೆದುಕೊಂಡಿತು. ಕೂಸು, ಬಲೂನು, ಹೆಂಗಸರ ಗದ್ದಲ. ಆ ಗದ್ದಲದ ನಡುವೆ, ಕ್ಯಾಮೆರಾದ ಹಿಂದಿನಿಂದ, ಕಂಚಿನಂಥ ಒಂದು ದನಿ: “ಏ ಸುಮಂಗಲಾ, ಕೂಸಿನ ಕಾಲು ಮುಚ್ಚ, ಗಾಳಿ ಬೀಸಾಕ ಹತ್ತೇತಿ! ಆ ಮೂಲ್ಯಾಗಿನವ್ರಿಗೆ ಇನ್ನೊಂದು ಹೋಳಿಗಿ ಹಾಕ್ರಿ. ಬ್ಯಾಡ ಅನ್ನಾಕ ಹತ್ತ್ಯಾರ, ಅಂದ್ರ ಬೇಕಾಗೇತಿ!”

ಅಕ್ಕೋರು ತಿರುಗಿ ನೋಡಿದರು. ಸುಮಂಗಲಾ ಅಳು ನಿಲ್ಲಿಸಿದರು.

“ಈ ದನಿ ನಿಮ್ಮದಲ್ಲೇನ್ರಿ?” ಎಂದರು ಮಹಾನಂದಾ.

ಲಗ್ನದ ವಿಡಿಯೊದಲ್ಲೂ ಇದ್ದರು, ಬ್ಯಾಂಡಿನವರಿಗೆ ಜೋರು ಮಾಡುತ್ತ. ವಾಸ್ತುಶಾಂತಿಯಲ್ಲಿ ಎಲೆ ಹಾಕಿಸುತ್ತ ಇದ್ದರು. ಅಲ್ಲಿಂದ ಶುರುವಾದದ್ದು ಮೂರು ದಿನದ ತಿರುಗಾಟ. ಸುಮಂಗಲಾ ಮುಂದೆ, ಮಹಾನಂದಾ ಹಿಂದೆ, ಓಣಿಯ ಇಪ್ಪತ್ಮೂರು ಮನೆಗಳನ್ನೂ ಹೊಕ್ಕರು. ಸೀಮಂತ, ಜಾವಳ, ಬೀಗರೂಟ, ಯಾರದೋ ಮಣ್ಣು ಮಾಡಿದ ದಿನದ ಹೊರಗಿನ ಮಾತು. ಒಂದೊಂದು ಮನೆಯಲ್ಲೂ ಹತ್ತಾರು ವಿಡಿಯೊ, ಒಂದೊಂದರಲ್ಲೂ ಒಂದೆರಡು ನಿಮಿಷ ಅಕ್ಕೋರ ದನಿ ಸಿಕ್ಕಿತು. ಯಾರೂ ಅದನ್ನು ಕಾದಿಡಬೇಕೆಂದು ಇಟ್ಟಿರಲಿಲ್ಲ. ಗುರುವಾರ ಸಂಜೆ ಎಣಿಸಿದಾಗ ಐದು ತಾಸು ಹನ್ನೊಂದು ನಿಮಿಷ ಆಗಿತ್ತು. ಇಷ್ಟರಲ್ಲೇ ಮಾಡುತ್ತೇವೆ, ಆದರೆ ಎಲ್ಲ ಬಗೆಯ ಮಾತಿಗೂ ಒಗ್ಗುವುದಿಲ್ಲ ಎಂದರು ಆಸ್ಪತ್ರೆಯವರು.

ಮೂರು ವಾರ ಬಿಟ್ಟು ಮಹಾನಂದಾ ಮತ್ತೆ ಬೆಟಗೇರಿಗೆ ಹೋದರು. ‘ಇದು ಖಾಲಿಯಲ್ಲ’ ಎಂದು ದಪ್ಪಕ್ಷರದಲ್ಲಿ ಕೊರೆಸಿದ ಹೊಸ ಡಿಸ್ಕನ್ನು ಸುಮಂಗಲಾ ಅವರ ಪೆಟ್ಟಿಗೆಗೆ ಹಾಕಿ, ಅಕ್ಕೋರ ಮನೆಗೆ ಬಂದರು.

“ಬರ್ರಿ ಬರ್ರಿ, ಒಳಗ ಬರ್ರಿ!” ಎಂದಿತು ಅಕ್ಕೋರ ಕೊರಳಿನ ಯಂತ್ರ. ಪಂಕ್ತಿಗೆ ಕರೆಯುವ ದನಿ. ಅಕ್ಕೋರು ನಕ್ಕರು. ಆಮೇಲೆ ಪುಸ್ತಕ ತೆಗೆದು ಪದ್ಯವೊಂದರ ನಾಲ್ಕು ಸಾಲು ಓದಿ ತೋರಿಸಿದರು. ಸಾರು ಬಡಿಸಿದಂತಿತ್ತು. ಲಯ ಬರಲಿಲ್ಲ, ಮೆಲುದನಿ ಬರಲಿಲ್ಲ. ಅವರು ಪುಸ್ತಕ ಮುಚ್ಚಿದರು.

“ಕ್ಲಾಸಿನ ದನಿ ಹೋತ್ರಿ,” ಎಂದರು. ದುಃಖದ ಮಾತನ್ನೂ ಯಂತ್ರ ಗಟ್ಟಿಯಾಗಿಯೇ ಹೇಳಿತು. “ಅದನ್ನ ನಾ ಒಬ್ಬಾಕೀನ ಇಟ್ಕೊಂಡಿದ್ದೆ. ಉಳದದ್ದು ಓಣಿಯವ್ರು ಕೇಳಿದ್ದಷ್ಟು.”

ಮಹಾನಂದಾ ಚೀಲ ಎತ್ತಿಕೊಂಡು ಎದ್ದರು. ಹೊರಡುವಾಗ ಸುಮಂಗಲಾ ಬೇಡವೆಂದರೂ ಬಿಡದೆ ಉಂಡಿಯ ಡಬ್ಬಿ ಕೈಗಿತ್ತರು.

ಬಸ್ಸು ಹುಲಕೋಟಿ ದಾಟುವಾಗ ಫೋನು ಬಂತು. ರಾಣೇಬೆನ್ನೂರಿನ ಯಾರೋ ಒಬ್ಬರು.

“ಮೇಡಂ, ಮನಿಗೊಂದು ಪೆಟ್ಟಿಗಿ ತಗೋಬೇಕಂತ ಮಾಡೀನ್ರಿ. ಎಷ್ಟು ಖಾನೆದು ಚಲೋ? ಐದರದೋ, ಎಂಟರದೋ?”

ಮಹಾನಂದಾ ಬಾಯಿಪಾಠದ ಉತ್ತರಕ್ಕೆ ಬಾಯಿ ತೆರೆದರು. ಅದು ಹೊರಡಲಿಲ್ಲ.

“ನಿಮ್ಮ ಪಕ್ಕದ ಮನಿಯವ್ರ ಹೆಸರೇನ್ರಿ?” ಎಂದು ಕೇಳಿದರು.

ಆ ಕಡೆಯವರು, “ಕೇಳಿ ಹೇಳ್ತೀನ್ರಿ,” ಎಂದು ಫೋನಿಟ್ಟರು.

ಮಹಾನಂದಾ ಮಡಿಲಲ್ಲಿದ್ದ ಡಬ್ಬಿಯನ್ನು ನೋಡಿದರು. ಮುಚ್ಚಳದ ಮೇಲೆ ‘ಸುಮಂಗಲಾ ಬಡಿಗೇರ’ ಎಂದು ಚುಕ್ಕೆಯಲ್ಲಿ ಕೆತ್ತಿಸಿತ್ತು. ತಿರುಗಿ ಕೊಡುವಾಗ ಇದರಲ್ಲಿ ಏನಾದರೂ ಹಾಕಿ ಕೊಡಬೇಕು. ಧಾರವಾಡದ ಅವರ ಮನೆಯಲ್ಲಿಯೂ ಒಂದು ಪೆಟ್ಟಿಗೆ ಇತ್ತು, ಅವರು ಮೊದಲು ಕಟ್ಟಿದ್ದೇ ಅದು. ಅದರ ಐದನೆಯ ಡಿಸ್ಕು ಒಂಬತ್ತು ವರ್ಷದಿಂದ ಅವರದೇ ಕಪಾಟಿನಲ್ಲಿತ್ತು. ಪಕ್ಕದ ಮನೆಯ ಬಾಗಿಲಲ್ಲಿ ಹೆಸರಿನ ಹಲಗೆ ಇರುವುದು ಅವರಿಗೆ ನೆನಪಿತ್ತು. ಅದರ ಮೇಲೆ ಏನು ಬರೆದಿದೆ ಎಂಬುದು ಧಾರವಾಡ ಮುಟ್ಟುವ ತನಕ ಯೋಚಿಸಿದರೂ ನೆನಪಿಗೆ ಬರಲಿಲ್ಲ.