ಹೆವಿವೇಟ್ ಹುಡುಗಿ, ಹಲ್ಲಿನ ಡಾಕ್ಟರು

ಬಾಯಿತುಂಬ ಗುಲಾಬಿ ಬಣ್ಣದ ಹಿಟ್ಟು ಮೆತ್ತಿಸಿಕೊಂಡು ಅವಳು ಹಲ್ಲಿನ ಡಾಕ್ಟರ ಕುರ್ಚಿಯಲ್ಲಿ ಒರಗಿದ್ದಳು. ಮುರಿದ ಹಲ್ಲಿಗೆ ಕ್ಯಾಪ್ ಹಾಕಬೇಕು, ಅದಕ್ಕೆ ಅಚ್ಚು ತೆಗೆಯಬೇಕು, ಅಚ್ಚು ಗಟ್ಟಿಯಾಗುವವರೆಗೆ ತುಟಿ ಪಿಟಕ್ಕೆನ್ನಬಾರದು.

ಡಾಕ್ಟರು ಸಣಕಲು ಮನುಷ್ಯ. ಕನ್ನಡಕ ಮೂಗಿನ ತುದಿಗೆ ಜಾರುತ್ತಲೇ ಇತ್ತು. ಅವಳ ಕಣ್ಣಿನ ಕೆಳಗೆ ನೀಲಿಗಟ್ಟಿದ್ದನ್ನು ನೋಡಿದರು, ತೋಳಿನ ಬಾವು ನೋಡಿದರು. ಬಾಗಿಲ ಕಡೆ ಒಮ್ಮೆ ಕಣ್ಣು ಹಾಯಿಸಿ, ದನಿ ತಗ್ಗಿಸಿ ಕೇಳಿದರು.

"ಯಾರು ಹೊಡೆದಿದ್ದು? ಮನೆಯವರಾ?"

ಅವಳು ಕಣ್ಣರಳಿಸಿದಳು.

"ಹೆದರ್ಕೋಬೇಡಿ. ಕಂಪ್ಲೇಂಟ್ ಕೊಡೋದಾದ್ರೆ ನಾನೂ ಜೊತೆಗೆ ಬರ್ತೀನಿ. ಇವತ್ತು ಮನೆಗೆ ಹೋಗೋಕೆ ಭಯ ಅಂದ್ರೆ ನಮ್ಮಕ್ಕನ ಮನೇಲಿ ಇರಬಹುದು. ಅಕ್ಕ ತುಂಬಾ ಒಳ್ಳೆಯವಳು. ಮಾತು ಸ್ವಲ್ಪ ಜಾಸ್ತಿ, ಅಷ್ಟೇ."

ಅವಳಿಗೆ ನಗು ಒತ್ತರಿಸಿ ಬಂತು. ಬಾಯಿ ಬಿಡುವಂತಿಲ್ಲ. ಭುಜಗಳು ಕುಲುಕಾಡಿದವು, ಕಣ್ಣಲ್ಲಿ ನೀರು ಬಂತು. ಡಾಕ್ಟರು ಗಾಬರಿಯಾಗಿ, "ಅಳಬೇಡಿ, ಅಳಬೇಡಿ" ಎನ್ನುತ್ತ ಟಿಶ್ಯೂ ಡಬ್ಬಿಯನ್ನು ಇಡಿಯಾಗಿ ಅವಳ ಮಡಿಲಿಗಿಟ್ಟರು.

ಅಚ್ಚು ಹೊರಬಂದದ್ದೇ ತಡ, "ಡಾಕ್ಟ್ರೇ, ನಾನು ಬಾಕ್ಸರ್. ಹೆವಿವೇಟ್" ಎಂದಳು. "ಹೊಡೆದವಳಿಗೆ ಇದರ ಎರಡರಷ್ಟು ಕೊಟ್ಟೇ ಬಂದಿದೀನಿ."

ಅವರ ಕಿವಿಗಳು ಕೆಂಪಾದವು. ಕನ್ನಡಕ ತೆಗೆದು ಒರೆಸಿದರು, ಹಾಕಿಕೊಂಡರು, ಮತ್ತೆ ತೆಗೆದು ಒರೆಸಿದರು.

"ಓ. ಹಾಗಾದ್ರೆ... ಕಂಗ್ರಾಜುಲೇಷನ್ಸ್."

ಬಸ್ಸಿನಲ್ಲಿ ಅದನ್ನೇ ನೆನೆಸಿಕೊಂಡು ಒಬ್ಬಳೇ ನಗುತ್ತಿದ್ದವಳು ಇದ್ದಕ್ಕಿದ್ದಂತೆ ನಗು ನಿಲ್ಲಿಸಿ ಕಿಟಕಿಯತ್ತ ತಿರುಗಿ ಕೂತಳು. ಚಿಕ್ಕಂದಿನಿಂದ ಅವಳು ದೊಡ್ಡವಳು. ಓಣಿಯ ಮಕ್ಕಳಿಗೆ 'ಬುಲ್ಡೋಜರ್'. ಅಪ್ಪನದು ಮನೆ ಸಾಮಾನು ಸಾಗಿಸುವ ಲಾರಿ. ಫ್ರಿಜ್ಜು, ಬೀರು ಏನೇ ಇರಲಿ, ಒಂದು ಮೂಲೆಗೆ ಇವಳ ಹೆಗಲು. ಒಮ್ಮೆ ವಾಷಿಂಗ್ ಮೆಷಿನ್ ಹೊತ್ತು ಮೂರು ಮಹಡಿ ಹತ್ತಿದಾಗ ಆ ಮನೆಯಾಕೆ ಸೊಂಟದ ಮೇಲೆ ಕೈಯಿಟ್ಟುಕೊಂಡು ನೋಡಿ, "ನಾಳೆ ಬೆಳಗ್ಗೆ ಜಿಮ್‌ಗೆ ಬಾ. ಮೆಷಿನ್ ತರಬೇಡ" ಎಂದಿದ್ದರು. ಅವರೇ ಕೋಚ್ ಮೇಡಂ. ಇವಳ ಅಳತೆಗೆ ನಿಕ್ಕರು ಅಂಗಡಿಯಲ್ಲಿ ಸಿಗದೆ ಅಮ್ಮ ಬೈಯುತ್ತಲೇ ಹೊಲಿದುಕೊಟ್ಟಿದ್ದಳು. ಎಲ್ಲರೂ ಅವಳ ಬಲ ನೋಡಿದವರೇ. ಇವಳಿಗೂ ನೋವಾಗಬಹುದು, ಇವಳೂ ಹೆದರಿರಬಹುದು ಎಂದು ಯೋಚಿಸಿದ ಮೊದಲ ಮನುಷ್ಯ ಆ ಸಣಕಲು ಡಾಕ್ಟರು.

ಕ್ಯಾಪ್ ಹಾಕಿಸಿಕೊಳ್ಳಲು ಹೋದಾಗ ಅವರು, "ನಿಮ್ಮ ಮೌತ್‌ಗಾರ್ಡ್ ತೋರಿಸಿ" ಎಂದರು. ಏಟಿಗೆ ಹಲ್ಲು ಮುರಿಯದಂತೆ ಕಚ್ಚಿಕೊಳ್ಳುವ ಅಂಗಡಿಯ ರೆಡಿಮೇಡ್ ಗಾರ್ಡು, ಅವಳ ದವಡೆಗೆ ಚಿಕ್ಕದು. "ಇದು ಮಕ್ಕಳ ಸೈಜು ಕಣ್ರೀ!" ಎಂದು ತಾವೇ ಒಂದು ಮಾಡಿಕೊಟ್ಟರು. ಹಾಕಿಕೊಂಡರೆ ಬಾಯಲ್ಲಿದೆಯೋ ಇಲ್ಲವೋ ಅನ್ನುವಷ್ಟು ಹಿತ.

ಆ ಗಾರ್ಡು ಕಚ್ಚಿಕೊಂಡೇ ಅವಳು ಗೆಲ್ಲತೊಡಗಿದಳು. ಮೊದಲು ಊರಿನ ಪಂದ್ಯ, ಆಮೇಲೆ ದೇಶದ ಚಾಂಪಿಯನ್ ಪಟ್ಟ, ಒಮ್ಮೆ ವಿಮಾನ ಹತ್ತಿ ಹೋಗಿ ಬೆಳ್ಳಿ ಪದಕ. ಹಿಂದೆ ಅಣಕಿಸಿದ ಹೆಸರನ್ನೇ ಈಗ ಜನ ಗ್ಯಾಲರಿಯಲ್ಲಿ ನಿಂತು ಕೂಗುತ್ತಿದ್ದರು: ಬುಲ್ಡೋಜರ್! ಬುಲ್ಡೋಜರ್! ಪ್ರತಿ ಸೀಸನ್ನಿಗೂ ಹೊಸ ಗಾರ್ಡು, ಅದಕ್ಕೊಂದು ಹೊಸ ಅಚ್ಚು.

"ಈ ಸಲ ಯಾವ ಬಣ್ಣ?"

"ನೀವೇ ಹೇಳಿ ಡಾಕ್ಟ್ರೇ."

"ನೀಲಿ. ನಿಮಗೆ ಒಪ್ಪುತ್ತೆ."

"ಬಾಯೊಳಗಿರೋದು ಯಾರಿಗೆ ಕಾಣುತ್ತೆ?"

"ನಕ್ಕಾಗ ಕಾಣುತ್ತಲ್ಲ. ನೀವು ಗೆದ್ದಾಗ ಗಾರ್ಡ್ ತೆಗೆಯೋದನ್ನೂ ಮರೆತು ನಗ್ತೀರ."

ಟಿ.ವಿ.ಯಲ್ಲಿ ನೋಡಿರಬೇಕು ಅಂದುಕೊಂಡಳು. ಪಾಸು ಕೊಟ್ಟರೂ ಅವರು ಎಂದೂ ಪಂದ್ಯಕ್ಕೆ ಬಂದವರಲ್ಲ. ಪ್ರತಿ ಸಲವೂ ಒಂದು ನೆಪ.

ಅತ್ತ ಮನೆಯಲ್ಲಿ ಗಂಡುಗಳ ಸಾಲು. ಒಬ್ಬನಿಗೆ ಇವಳು ಮೈ ಇಳಿಸಬೇಕಿತ್ತು, ಇನ್ನೊಬ್ಬನಿಗೆ ಬಾಕ್ಸಿಂಗ್ ಬಿಡಬೇಕಿತ್ತು. "ಮೊನ್ನೆ ಬಂದೋರು ಮದುವೆ ಆದ್ಮೇಲೆ ಹೊಡೆದಾಟ ನಿಲ್ಲಿಸ್ತೀರಾ ಅಂದ್ರು" ಎಂದು ಡಾಕ್ಟರಿಗೆ ಹೇಳಿದಳು. ಹೇಳಿ, ಓರೆಗಣ್ಣಲ್ಲಿ ಅವರ ಮುಖ ನೋಡಿದಳು. ಅವರು ನಲ್ಲಿ ತಿರುಗಿಸಿ ಕೈ ತೊಳೆಯುತ್ತ, "ಹೂಂ" ಅಂದರು. ಅಷ್ಟೇ. ತೊಳೆದ ಕೈಯನ್ನೇ ಮತ್ತೆ ತೊಳೆದರು.

ಆ ಒಂದು 'ಹೂಂ' ಅವಳ ಎದೆಯಲ್ಲಿ ಮುಳ್ಳಾಗಿ ಕೂತಿತು.

ಬಲಭುಜ ಸವೆದು, "ಇದೇ ಕೊನೇದು ಕಣೇ" ಎಂದು ಕೋಚ್ ಮೇಡಂ ಹೇಳಿದ ವರ್ಷ ಅವಳು ಕ್ಲಿನಿಕ್ಕಿಗೆ ಹೋಗಿ ಪಾಸು ಮೇಜಿನ ಮೇಲಿಟ್ಟಳು.

"ಇದು ನನ್ನ ಕೊನೇ ಪಂದ್ಯ. ಈ ಸಲವಾದ್ರೂ ಬನ್ನಿ."

"ಕ್ಲಿನಿಕ್ ಇರುತ್ತಲ್ಲ..."

"ಭಾನುವಾರಾನಾ?"

ಅವರು ತಲೆ ತಗ್ಗಿಸಿದರು. ಅವಳು ಹೊಸ ಗಾರ್ಡನ್ನು ಬ್ಯಾಗಿಗೆ ತುರುಕಿ, ಹೋಗಿಬರ್ತೀನಿ ಅಂತಲೂ ಹೇಳದೆ ನಡೆದಳು.

ಭಾನುವಾರ ಮಧ್ಯಾಹ್ನ ಅವಳು ಸೋತಳು. ಎದುರಾಳಿ ಎಳೆಯ ಹುಡುಗಿ, ಮಿಂಚಿನಂಥ ಎಡಗೈ. ಮೂರೂ ರೌಂಡ್ ನಿಂತು ಕೊಟ್ಟಳು, ತಗೊಂಡಳು. ಪಾಯಿಂಟ್ಸ್ ಮಾತ್ರ ಅತ್ತ ವಾಲಿದವು. ರೆಫ್ರಿ ಆ ಹುಡುಗಿಯ ಕೈ ಎತ್ತಿದಾಗ ಹುಡುಗಿ ಓಡಿಬಂದು ಇವಳನ್ನು ತಬ್ಬಿ, "ಅಕ್ಕಾ, ನಿಮ್ಮನ್ನ ನೋಡೇ ನಾನು ಗ್ಲೌಸ್ ಹಾಕಿದ್ದು" ಎಂದಳು. ಇಡೀ ಹಾಲ್ ಎದ್ದು ನಿಂತಿತ್ತು. ಸಾಮಾನು ಹೊರುತ್ತಿದ್ದ ಹುಡುಗಿಗೆ ಈ ಚೌಕ ಏನೆಲ್ಲ ಕೊಟ್ಟಿತಲ್ಲ ಎಂದು, ಇಳಿಯುವ ಮುಂಚೆ ಅವಳು ರಿಂಗಿನ ಹಗ್ಗವನ್ನೊಮ್ಮೆ ಸವರಿದಳು.

ಡ್ರೆಸ್ಸಿಂಗ್ ರೂಮಿನಲ್ಲಿ ಕೋಚ್ ಮೇಡಂ ಗ್ಲೌಸ್ ಬಿಚ್ಚುತ್ತ, "ಹೋಗು, ಮುಖ ತೋರಿಸಿ ಬಾ. ಆ ಮನುಷ್ಯ ಪಾರ್ಕಿಂಗ್‌ನಲ್ಲಿ ಒಣಗ್ತಿದಾನೆ" ಎಂದರು.

"ಯಾರು?"

"ನಿನ್ನ ಹಲ್ಲಿನ ಡಾಕ್ಟ್ರು. ಪ್ರತಿ ಸಲದ ಹಾಗೆ."

"ಪ್ರತಿ ಸಲ ಅಂದ್ರೆ?"

"ನಿನಗೆ ಹೇಳ್ಬೇಡಿ ಅಂದಿದ್ರು. ಮೊದಲನೇ ಸಲ ಒಳಗೇ ಬಂದಿದ್ರು ಕಣೇ. ನಿನಗೊಂದು ಏಟು ಬಿದ್ದಿದ್ದೇ ತಡ, 'ನಿಲ್ಲಿಸ್ರೀ' ಅಂತ ಕೂಗ್ತಾ ರಿಂಗ್ ಹತ್ತೋಕೆ ಹೋದ್ರು. ಸೆಕ್ಯುರಿಟಿಯವರು ಎತ್ತಿ ಆಚೆಗೆ ಹಾಕಿದ್ರು, ಆ ಗದ್ದಲದಲ್ಲಿ ನಿನಗೆ ಗೊತ್ತೇ ಆಗಲಿಲ್ಲ. ಅವತ್ತಿಂದ ಹೊರಗಡೇನೇ."

ಅವಳು ಗ್ಲೌಸಿನೊಳಗೆ ಸುತ್ತಿಕೊಂಡಿದ್ದ ಕೈಪಟ್ಟಿಯನ್ನೂ ಬಿಚ್ಚದೆ ಹಿಂಬಾಗಿಲಿನಿಂದ ಓಡಿದಳು.

ಸ್ಕೂಟರುಗಳ ಸಾಲಿನ ಕೊನೆಗೆ ಒಂದು ಮೋಟುಗೋಡೆ. ಅದರ ಮೇಲೆ ಡಾಕ್ಟರು ಕೂತಿದ್ದರು, ಉರಿಬಿಸಿಲಲ್ಲಿ, ಹೆಲ್ಮೆಟ್ ಹಾಕಿಕೊಂಡು. ಒಳಗಿನ ಗದ್ದಲ ಕಿವಿಗೆ ಬೀಳದಿರಲೆಂದು. ಅವಳನ್ನು ಕಂಡದ್ದೇ ಹೆಲ್ಮೆಟ್ ಕಿತ್ತು ಎದ್ದು ನಿಂತರು.

"ಹಲ್ಲು? ಹಲ್ಲೆಲ್ಲ ಸರಿಯಾಗಿದಾವಾ?"

"ಸೋತೆ."

"ಅದಿರಲಿ. ಹಲ್ಲು?"

ಅವಳು ಬಾಯಿ ತೆರೆದು ತೋರಿಸಿದಳು. ಅವರು ಇಣುಕಿ ನೋಡಿ ನಿಟ್ಟುಸಿರು ಬಿಟ್ಟರು.

"ಇಷ್ಟು ವರ್ಷ ಇಲ್ಲಿ ಕೂತು ಒದ್ದಾಡೋ ಬದಲು, ಬಿಟ್ಟುಬಿಡು ಅಂತ ಒಂದು ಮಾತು ನನಗೆ ಯಾಕೆ ಹೇಳಲಿಲ್ಲ ಡಾಕ್ಟ್ರೇ? ಬೇರೆ ಎಲ್ಲರೂ ಹೇಳಿದ್ರು."

"ಪಂದ್ಯ ಮುಗಿಸಿ ಆಚೆ ಬರೋವಾಗ ಮರೆಯಲ್ಲಿ ನಿಂತು ನಿಮ್ಮ ಮುಖ ನೋಡ್ತಿದ್ನಲ್ಲ" ಎಂದರು ಅವರು. "ಅಷ್ಟು ಖುಷಿ ನಾನು ಬೇರೆ ಯಾರ ಮುಖದಲ್ಲೂ ನೋಡಿಲ್ಲ. ಹೇಳಿದ್ರೆ ನನ್ನ ಮಾತಿಗೆ ನೀವು ನಿಜವಾಗ್ಲೂ ಬಿಟ್ಟುಬಿಡ್ತೀರೇನೋ ಅಂತ ಭಯ ಆಗ್ತಿತ್ತು."

ಹೌದು, ಬಿಡುತ್ತಿದ್ದಳು. ಅದು ಅವಳಿಗೆ ಗೊತ್ತಿತ್ತು. ಅವರು ಕೇಳಿದ್ದರೆ ಆ ಪಟ್ಟ, ಆ ಬೆಳ್ಳಿ, ಇವತ್ತು ಎದ್ದು ನಿಂತ ಆ ಹಾಲ್, ಎಲ್ಲವನ್ನೂ ಮರುಮಾತಿಲ್ಲದೆ ಬಿಟ್ಟುಕೊಟ್ಟು ಬರುತ್ತಿದ್ದಳು. ಕೇಳದೆ ಉಳಿದು ಇವರು ಅದೆಲ್ಲವನ್ನೂ ಅವಳಿಗೇ ಉಳಿಸಿಕೊಟ್ಟಿದ್ದರು.

"ಥ್ಯಾಂಕ್ಸ್" ಎಂದಳು. ಆ ಮಾತು ತೀರಾ ಚಿಕ್ಕದೆನಿಸಿ, "ನಿಮ್ಮನ್ನ ಬಿಟ್ಟು ಬೇರೆ ಯಾರನ್ನೂ ನಾನು ಒಪ್ಪಿಕೊಳ್ಳಲ್ಲ. ಮೊದಲ ದಿನಾನೇ ಮನಸ್ಸು ಕೊಟ್ಟಾಗಿತ್ತು. ಬಾಯಿ ಕಟ್ಟಿಹಾಕಿದ್ರಿ, ಹೇಳೋಕಾಗಲಿಲ್ಲ" ಎಂದಳು.

ಡಾಕ್ಟರ ಕನ್ನಡಕ ಜಾರಿತು. ಈ ಸಲ ಅವಳೇ ಒಂದು ಬೆರಳಿಂದ ಅದನ್ನು ಮೇಲೇರಿಸಿದಳು. ಅವರು ಆ ಕೈಯನ್ನು ಹಿಡಿದುಕೊಂಡರು, ಬಿಡಲಿಲ್ಲ. ಅವಳ ಊದಿದ ಕೆನ್ನೆಯನ್ನೇ ನೋಡುತ್ತ, ಬಹಳ ಮೆಲ್ಲಗೆ, "ತುಂಬಾ ನೋಯ್ತಿದೆಯಾ ನಿನಗೆ?" ಎಂದರು.

ನಿನಗೆ. ಆ ಏಕವಚನ ಅವಳ ಮೈಯೆಲ್ಲ ಹರಿಯಿತು.

ಅಪ್ಪ ಕೇಳಿದರೂ, ಕೋಚ್ ಕೇಳಿದರೂ, ಪತ್ರಿಕೆಯವರು ಕೇಳಿದರೂ ಇಷ್ಟು ವರ್ಷ ಅವಳದು ಒಂದೇ ಉತ್ತರ: ಏನಿಲ್ಲ. ಇವತ್ತು ಅವಳು ಮೋಟುಗೋಡೆಯ ಮೇಲೆ ಕೂತು, "ಹೂಂ. ನೋಯ್ತಿದೆ" ಎಂದಳು.

ಅವರು ಪಕ್ಕದಲ್ಲಿ ಕೂತು, ಅವಳ ಕೈಯನ್ನು ತಮ್ಮ ತೊಡೆಯ ಮೇಲಿಟ್ಟುಕೊಂಡು, ಕೈಪಟ್ಟಿಯ ತುದಿ ಹುಡುಕಿ ಸುತ್ತು ಸುತ್ತಾಗಿ ಬಿಚ್ಚತೊಡಗಿದರು. ಅಭ್ಯಾಸವಿಲ್ಲದ ಕೈ, ಪಟ್ಟಿಯೆಲ್ಲ ಸಿಕ್ಕುಸಿಕ್ಕು. ಅವಳು ಹೇಗೆ ಬಿಚ್ಚಬೇಕೆಂದು ಹೇಳಿಕೊಡಲಿಲ್ಲ. ಬಿಸಿಲಲ್ಲಿ ಹಾಗೇ ಕೂತಿದ್ದಳು. ಅವರು ಎಷ್ಟು ಹೊತ್ತಾದರೂ ತೆಗೆದುಕೊಳ್ಳಲಿ ಎಂದು.