ಕವರಿಲ್ಲದ ಪೆಟ್ಟಿಗೆ

ಫ್ರಿಜ್ಜಿಗೆ ಲಾಡಿ ಕಟ್ಟಿ ಆಗಿತ್ತು. ಇನ್ನು ವಾಷಿಂಗ್ ಮಷೀನಿಗೆ ಅಂಗಿ ತೊಡಿಸಬೇಕಿತ್ತು. ಒಗೆದು ಒಣಗಿದ ಕವರುಗಳನ್ನು ತೋಳಿನ ಮೇಲೆ ಹೇರಿಕೊಂಡು ಟೈಲರಮ್ಮ ಮನೆಯೆಲ್ಲ ಸುತ್ತುತ್ತಿದ್ದಳು. ಟಿವಿಗೆ ಹೂವಿನದು, ಮಿಕ್ಸಿಗೆ ಚೌಕಳಿಯದು, ರಿಮೋಟಿಗೂ ಒಂದು ಪುಟ್ಟ ಚೀಲ. ಎಲ್ಲ ಅವಳೇ ಹೊಲಿದದ್ದು. ಅವಳ ಅಣ್ಣನಿಗೆ ಧೂಳು ಕಂಡರಾಗದು. ಮನೆಯಲ್ಲಿರುವುದು ನಾಲ್ಕು ಜನರ ಕಣ್ಣಿಗೆ ಬಿದ್ದರಂತೂ ಇನ್ನೂ ಆಗದು.

"ನನಗೂ ಒಂದು ಹೊಲಿದುಬಿಡೇ," ಅಂದಳು ಅತ್ತಿಗೆ ಒಲೆಯ ಮುಂದಿನಿಂದ. "ನಿಮ್ಮಣ್ಣ ಬರೋ ಹೊತ್ತಿಗೆ ತೊಟ್ಕೊಂಡು ಮೂಲೆಯಲ್ಲಿ ನಿಂತುಬಿಡ್ತೀನಿ."

"ನಿಮ್ಮ ಬಾಯಿಗೆ ಮಾತ್ರ ಅಳತೆ ಸಿಗಲ್ಲ ಅತ್ತಿಗೆ."

ಕೊನೆಗೆ ಉಳಿದದ್ದು ನೀಲಿ ಕವರು. ಅದು ಹೊಲಿಗೆ ಮಷೀನಿನ ಕೆಳಗೆ ಗೋಡೆಗೆ ಒತ್ತಿಕೊಂಡಿದ್ದ ಕಂಪ್ಯೂಟರಿನದು. ತೊಡಿಸೋಣವೆಂದು ಕಂಪ್ಯೂಟರಿನ ಪೆಟ್ಟಿಗೆಯನ್ನು ಎತ್ತಿದಳು. ಮೇಲಿನದು ಕೈಗೆ ಬಂತು, ತಳ ಮಾತ್ರ ನೆಲದಲ್ಲೇ ಉಳಿಯಿತು. ನೆಲ ಒರೆಸಿದ ನೀರು ಕುಡಿದು ಕುಡಿದು ತಗಡು ತರಗೆಲೆಯ ಹಾಗೆ ಪುಡಿಯಾಗಿತ್ತು.

ಟೈಲರಮ್ಮ ಆ ಪುಡಿಯ ಪಕ್ಕದಲ್ಲೇ ಕುಕ್ಕರಿಸಿದಳು. ಯಂತ್ರ ಹೋದರೆ ಹೋಗಲಿ. ಅದರೊಳಗೆ ಅವಳು ಬರೆದು ಕಳಿಸದೆ ಬಿಟ್ಟ ಒಂದು ಕಾಗದವಿತ್ತು.

ಬೀದಿ ತುದಿಯ ರಿಪೇರಿಯಾಕೆ ಒಳಗಿನ ಧೂಳು ಊದಿ, ಬೆರಳಲ್ಲಿ ತಟ್ಟಿ ನೋಡಿದಳು. "ಒಳಗಿನದೆಲ್ಲ ಗಟ್ಟಿಮುಟ್ಟಾಗಿದೆ. ಪೆಟ್ಟಿಗೆ ಮಾತ್ರ ಹೋಗಿದೆ. ಹೊಸದು ಕೊಡ್ಲಾ? ಕಪ್ಪು ಇದೆ, ಕಡುಗಪ್ಪು ಇದೆ."

"ಒಳಗಿರೋದೆಲ್ಲ ಕಾಣೋ ಅಂಥದ್ದು ಇಲ್ವಾ?"

"ಅಂಥದ್ದನ್ನ ಅಕ್ರಿಲಿಕ್ ಹಾಳೆಯಲ್ಲಿ ಮಾಡ್ಕೋಬೇಕು."

"ಹಾಗಾದ್ರೆ ಮಾಡ್ಕೋತೀನಿ ಬಿಡಿ."

ಅಂದುಬಿಟ್ಟ ಮೇಲೆ ನೆನಪಾಯಿತು: ಊರಲ್ಲಿ ಅಕ್ರಿಲಿಕ್ ಹಾಳೆ ಸಿಗುವುದು ಒಂದೇ ಕಡೆ. ಆ ಮೆಟ್ಟಿಲು ಹತ್ತದೆ ಅವಳಿಗೆ ಎರಡು ವರ್ಷವಾಗಿತ್ತು.

ಅವನನ್ನು ಎಲ್ಲರೂ ಶೋಕೇಸ್ ಅಂತಲೇ ಕರೆಯುತ್ತಿದ್ದರು. ಕನ್ನಡಕದಂಗಡಿಗೆ, ಗಡಿಯಾರದಂಗಡಿಗೆ ಬೇಕಾದ ಪಾರದರ್ಶಕ ಪೆಟ್ಟಿಗೆಗಳನ್ನು ಮಾಡುವವನು. ಅವುಗಳೊಳಗೆ ಹಾಸುವ ಮಖಮಲ್ಲನ್ನು ಹೊಲಿದುಕೊಡುತ್ತಿದ್ದವಳು ಇವಳು. ಅವನ ಪೆಟ್ಟಿಗೆ, ಇವಳ ಮಖಮಲ್ಲು. ಅಳತೆ ಕೇಳುವ ನೆಪದಲ್ಲಿ ಮಾತು, ಮಾತಿನ ನೆಪದಲ್ಲಿ ಮತ್ತೆ ಅಳತೆ. ಇಬ್ಬರಿಗೂ ನಲವತ್ತು ದಾಟಿತ್ತು. ಕೂದಲಿಗೆ ನರೆ ಬಂದರೂ ಕಣ್ಣಿಗೆ ಬರುವುದಿಲ್ಲವಲ್ಲ.

ಒಂದು ದಿನ ಅವನು ಕೇಳಿಯೇಬಿಟ್ಟ. "ನನ್ನ ಜೊತೆ ಬಾಳ್ತೀಯಾ? ಬಾಯಲ್ಲಿ ಹೇಳಬೇಡ. ಬಾಯಲ್ಲಿ ಹೇಳಿದ್ದನ್ನ ನಿಮ್ಮಣ್ಣ ತಿರುಚಿಬಿಡ್ತಾನೆ. ಬರೆದು ಕಳಿಸು. ಬರೆದದ್ದು ಬರೆದ ಹಾಗೇ ಇರತ್ತೆ."

ಅವಳು ಬರೆದಳು. ಕಳಿಸುವಷ್ಟರಲ್ಲಿ ಅಣ್ಣ ಬಾಗಿಲಲ್ಲಿ ನಿಂತಿದ್ದ. ಯಾರೋ ಅವನ ಕಿವಿಯಲ್ಲಿ ಊದಿದ್ದರು. "ಈ ವಯಸ್ಸಿಗೆ ನಿನಗೊಂದು ಮದುವೆ! ಆ ಶೋಕೇಸಿನವನ ಸುದ್ದಿ ಈ ಮನೆಯಲ್ಲಿ ಎತ್ತಿದರೆ ನಿನ್ನ ಹೊಲಿಗೆ ಮಷೀನು ಬೀದಿಯಲ್ಲಿರತ್ತೆ, ನೆನಪಿರಲಿ." ಅಪ್ಪ ಹೋದ ಮೇಲೆ ತುತ್ತು ಹಾಕಿ ಬೆಳೆಸಿದ ಅಣ್ಣ. ಅವಳು ಕಂಪ್ಯೂಟರ್ ಆರಿಸಿದಳು, ನೀಲಿ ಬಟ್ಟೆ ಕತ್ತರಿಸಿ ಅದಕ್ಕೊಂದು ಕವರು ಹೊಲಿದಳು. ಉತ್ತರ ಬಾರದ್ದನ್ನೇ ಉತ್ತರವೆಂದುಕೊಂಡು ಶೋಕೇಸ್ ಮಖಮಲ್ಲನ್ನು ಬೇರೆ ಕಡೆ ಹೊಲಿಸತೊಡಗಿದ.

ಈಗ ಅವಳು ಮೆಟ್ಟಿಲು ಹತ್ತಿ ಬಂದರೂ ಗಲ್ಲಾದ ಹಿಂದೆ ಅವನು ತಲೆ ಎತ್ತಲಿಲ್ಲ.

"ಏನು ಬೇಕಿತ್ತು ಮೇಡಂ?"

"ಮೇಡಮ್ಮೋ ಗೀಡಮ್ಮೋ! ಒಂದು ಅಕ್ರಿಲಿಕ್ ಹಾಳೆ ಬೇಕು. ಕಂಪ್ಯೂಟರಿಗೆ ಪೆಟ್ಟಿಗೆ ಮಾಡ್ಬೇಕು."

"ಅಳತೆ ಕೊಟ್ಟು ಹೋಗಿ. ಮಾಡಿಸಿ ಕಳಿಸ್ತೀವಿ."

"ನಾನೇ ಮಾಡ್ತೀನಿ. ನಮ್ಮನೆ ಹಾಲಲ್ಲಿ, ಊಟದ ಮೇಜಿನ ಮೇಲೆ."

ಈಗ ತಲೆ ಎತ್ತಿದ. ಕನ್ನಡಕವನ್ನು ಮೂಗಿನ ತುದಿಗೆ ಜಾರಿಸಿಕೊಂಡು, ಮೇಲಿಂದ ನೋಡಿದ. ಎರಡು ವರ್ಷ ಹಿಡಿದಿಟ್ಟ ಸಿಟ್ಟೆಲ್ಲ ಆ ನೋಟದಲ್ಲಿತ್ತು. ಸಿಟ್ಟಿನ ಅಂಚಿನಲ್ಲಿ ಇನ್ನೇನೋ ಮಿನುಗಿ ಅಡಗಿತು.

"ನಿಮ್ಮಣ್ಣ ಇರೋ ಮನೇಲಾ?"

"ಅಣ್ಣ ಇರೋ ಮನೇಲೇ."

"ಹಾಳೆಗೆ ಅಂಟಿರೋ ಕಾಗದ ಮೊದಲೇ ಕೀಳಬೇಡಿ, ಗೀರು ಬೀಳತ್ತೆ. ಕತ್ತಿಯಲ್ಲಿ ಗೆರೆ ಕೊರೆದು, ಮೇಜಿನ ಅಂಚಿಗೆ ಇಟ್ಟು ಒಂದೇ ಪೆಟ್ಟಿಗೆ ಮುರೀಬೇಕು. ಅರ್ಧ ಮನಸ್ಸಲ್ಲಿ ಒತ್ತಿದ್ರೆ ಅಡ್ಡಾದಿಡ್ಡಿ ಒಡೆಯತ್ತೆ." ಸ್ವಲ್ಪ ತಡೆದು ಸೇರಿಸಿದ, "ಅರ್ಧ ಮನಸ್ಸು ನಿಮಗೆ ರೂಢಿ. ಅದಕ್ಕೇ ಹೇಳಿದೆ."

ಅವಳು ಹಾಳೆಯನ್ನು ಕಂಕುಳಲ್ಲಿ ಇರುಕಿಕೊಂಡು ಹೊರಟಳು. ಮೆಟ್ಟಿಲಿಳಿದ ಮೇಲೆ ಹೇಳಿದಳು, "ಅಂಟು ಹಾಕೋಕೆ ನೀನೇ ಬರಬೇಕು. ಹಗಲು ಹೊತ್ತು, ಮುಂಬಾಗಿಲಿಂದ."

ಅವನು ಬಂದಾಗ ಅಣ್ಣ ಕೆಲಸಕ್ಕೆ ಹೋಗಿದ್ದ, ಮೇಜಿನ ಮೇಲೆ ತುಂಡುಗಳೆಲ್ಲ ಸಾಲಾಗಿದ್ದವು. ಅಂಚುಗಳನ್ನು ಒದ್ದೆ ಸ್ಯಾಂಡ್‌ಪೇಪರಿನಲ್ಲಿ ತಿಕ್ಕಿ ನುಣುಪು ಮಾಡಿದ್ದಳು. ಫ್ಯಾನಿಗೆ ದುಂಡನೆಯ ತೂತನ್ನೂ ಕೊರೆದಿದ್ದಳು. ಶೋಕೇಸ್ ಒಂದೊಂದನ್ನೇ ಎತ್ತಿ ನೋಡಿದ, ಜೋಡಿಸಿ ನೋಡಿದ. ಒಂದರ ಮೂಲೆಗೂ ಇನ್ನೊಂದರ ಮೂಲೆ ಕೂಡಲಿಲ್ಲ. ಟೇಪು ಹಿಡಿದ. ಆಮೇಲೆ ಕುರ್ಚಿಯಲ್ಲಿ ಕುಸಿದು ನಗತೊಡಗಿದ. ಕಣ್ಣಲ್ಲಿ ನೀರು ಬರುವಷ್ಟು.

"ಏನಾಯ್ತು?"

"ಹೊಲಿಗೆಗೆ ಅಂಚು ಬಿಟ್ಟಿದ್ದೀಯಲ್ಲೇ ಮಾರಾಯ್ತಿ! ನಾಲ್ಕೂ ಸುತ್ತ! ಪ್ಲಾಸ್ಟಿಕ್ಕನ್ನ ಒಳಗೆ ಮಡಚಿ ಹೊಲೀತೀಯಾ?"

ಅತ್ತಿಗೆ ಟೀ ಲೋಟ ಹಿಡಿದು ಬಂದವಳು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು. ಟೈಲರಮ್ಮನ ಕಿವಿ ಬಿಸಿಯಾಯಿತು. ಆದರೆ ಅವನು 'ನೀವು' ಬಿಟ್ಟು 'ನೀನು'ವಿಗೆ ಬಂದದ್ದು ಆ ಬಿಸಿ ಕಿವಿಗೇ ಮೊದಲು ಬಿತ್ತು.

"ಕೈ ರೂಢಿ. ಕತ್ತರಿಸು, ಅದಕ್ಕೇನು. ಮುಂದಿನ ಹಲಗೆ ಮಾತ್ರ ಮುಟ್ಟಬೇಡ."

"ಯಾಕೆ? ಅದೂ ಉದ್ದ."

"ಇರಲಿ, ಜಗಲಿ ಥರ ಚಾಚಿಕೊಂಡಿರಲಿ. ಅದನ್ನ ಅಂಟಿಸೋದಿಲ್ಲ, ಸ್ಕ್ರೂ ಹಾಕೋದು. ನಾನು ಬಿಟ್ಟ ಅಂಚನ್ನ ಎಲ್ಲರೂ ಕತ್ತರಿಸ್ತಾ ಬಂದ್ರೆ ನನಗೇನು ಉಳೀತು?"

ಅವನು ಆ ಹಲಗೆಯನ್ನು ಬದಿಗಿಟ್ಟು ಮಿಕ್ಕವಕ್ಕೆ ಗೆರೆ ಕೊರೆಯತೊಡಗಿದ.

ಅಂಟು ನೀರಿನಷ್ಟು ತೆಳ್ಳಗಿತ್ತು. ಸೂಜಿಯ ತುದಿಯಿಂದ ಒಂದು ಹನಿ ಬಿಟ್ಟರೆ ಸಾಕು, ಎರಡು ಹಲಗೆಗಳ ನಡುವಿನ ಸಂದಿನಲ್ಲಿ ತಾನಾಗಿ ಓಡಿ ಹೋಗುತ್ತಿತ್ತು. ಅದು ಹಿಡಿಯುವ ತನಕ ಹಲಗೆಗಳನ್ನು ಅಲ್ಲಾಡದ ಹಾಗೆ ಹಿಡಿದಿರಬೇಕು. ಅವಳು ಆಚೆಯಿಂದ ಹಿಡಿದಳು, ಅವನು ಈಚೆಯಿಂದ. ನಡುವೆ ಇದ್ದೂ ಇಲ್ಲದಂಥ ಒಂದು ಗೋಡೆ. ಆ ಗೋಡೆಯೊಳಗಿಂದ ಅವನ ಹುಬ್ಬಿನ ನರೆ, ಗಲ್ಲದ ಮೇಲೆ ಕ್ಷೌರದ ಕತ್ತಿ ಮರೆತ ನಾಲ್ಕು ಕೂದಲು, ಎಲ್ಲ ಕಾಣುತ್ತಿದ್ದವು. ಅವಳು ನೋಡಿದಳು. ಅವಳು ನೋಡುತ್ತಿರುವುದನ್ನು ಅವನು ನೋಡಿದ.

"ಹಾಗೆ ನೋಡಬೇಡ, ಕೈ ನಡುಗತ್ತೆ."

"ನಡುಗಿದ್ರೆ ಅಂಟಲ್ಲಿ ಗುಳ್ಳೆ ಬರತ್ತೆ ಅಂದೋನು ನೀನೇ."

"ಒಂದು ಮಾತು ಕೇಳ್ತೀನಿ. ಈಗ ನೀನು ಎದ್ದು ಹೋಗೋ ಹಾಗಿಲ್ಲ. ಯಾಕೆ ಉತ್ತರ ಕೊಡ್ಲಿಲ್ಲ?"

"ಬರೆದಿದ್ದೆ. ಕಳಿಸ್ಲಿಲ್ಲ. ಈ ಯಂತ್ರದೊಳಗೇ ಇದೆ."

ಅವನ ಬೆರಳು ಕದಲಿತು. ಅವಳು "ಶ್!" ಎಂದು ಗದರಿ ಹಲಗೆಯನ್ನು ಒತ್ತಿ ಹಿಡಿದಳು.

"ಫೋನಲ್ಲಿ ಎರಡಕ್ಷರ ಹಾಕಬಹುದಿತ್ತಲ್ಲೇ!"

"ಈಗ ಬರೆದ್ರೆ ಈಗ ಮನಸ್ಸಾಯ್ತು ಅಂದ್ಕೋತೀಯ. ಅವತ್ತಿನದು ಅವತ್ತಿನ ತಾರೀಖಿನ ಸಮೇತ ನಿನಗೆ ತಲುಪಬೇಕು."

"ಅದರಲ್ಲಿ ಏನಿದೆ?"

"ಬಂದಾಗ ಓದ್ಕೋ."

ಸಂದು ಹಿಡಿದಿತ್ತು, ಎಲ್ಲಿ ಕೂಡಿದೆಯೆಂದು ಕಣ್ಣಿಗೆ ಗೊತ್ತಾಗದ ಹಾಗೆ. ಇಬ್ಬರೂ ಕೈ ತೆಗೆಯಲಿಲ್ಲ.

"ಹಿಡೀತಾ ಇಲ್ವಾ ಅದಿನ್ನೂ?" ಅಂದಳು ಅತ್ತಿಗೆ, ಆರಿದ ಟೀಯನ್ನು ನೋಡುತ್ತಾ. "ಒಳ್ಳೇ ಅಂಟು!"

ಮುಂದಿನ ರಜಾದಿನ ಬೆಳಗ್ಗೆ ಪೆಟ್ಟಿಗೆ ಮೇಜಿನ ನಡುವೆ ಕೂತಿತ್ತು. ಹಸಿರು ಬೋರ್ಡು, ಫ್ಯಾನು, ಬಣ್ಣಬಣ್ಣದ ವೈರು, ಎಲ್ಲ ಬೆಳಕಿಗೆ ಮೈ ಒಡ್ಡಿದ್ದವು. ಆನ್ ಮಾಡುವ ಗುಂಡಿಯ ಜಾಗಕ್ಕೆ ಟೈಲರಮ್ಮ ತನ್ನ ಡಬ್ಬಿಯಿಂದ ಒಂದು ಕೆಂಪು ಕೋಟಿನ ಗುಂಡಿ ಆರಿಸಿ ಅಂಟಿಸಿದ್ದಳು. ಸ್ನಾನ ಮುಗಿಸಿ ಬಂದು ನೋಡುತ್ತಾಳೆ, ಮುಂದಿನ ಹಲಗೆಯ ಅಂಚಿನುದ್ದಕ್ಕೂ ಕೂದಲೆಳೆಯಂಥ ಬಿರುಕು!

"ಅಯ್ಯೋ, ನಾನೇ ಕಣೇ," ಅತ್ತಿಗೆ ಕೈ ಹಿಸುಕಿಕೊಂಡಳು. "ಹೊಳೀಲಿ ಅಂತ ಕಿಟಕಿ ಗಾಜಿಗೆ ಹಾಕೋ ನೀರು ಹಾಕಿ ಒರೆಸಿದೆ. ಮುಂದಿನದೊಂದೇ. ಅಷ್ಟರಲ್ಲಿ ಹಾಲು ಉಕ್ಕಿತು, ಓಡಿದೆ."

"ಆ ನೀರು ಸೋಕಿದ್ರೆ ಅಕ್ರಿಲಿಕ್ ಬಿರಿಯತ್ತೆ. ಮಿಕ್ಕದ್ದು ಉಳೀತಲ್ಲ, ಹಾಲಿಗೆ ಪುಣ್ಯ ಬರಲಿ," ಅಂದ ಶೋಕೇಸ್. ಮುಂಬಾಗಿಲಿಂದಲೇ ಬಂದಿದ್ದ. ಬಗ್ಗಿ ನೋಡಿದ, ಬೆರಳಲ್ಲಿ ಅಳೆದ, ಅವಳತ್ತ ತಿರುಗಿದ. ನಗು ತಡೆದುಕೊಂಡಿದ್ದ. "ಬಿರುಕು ನಿನ್ನ ಜಗಲಿಯಲ್ಲೇ ನಿಂತಿದೆ. ಮನೆಯೊಳಗೆ ಬಂದಿಲ್ಲ. ಅಂಚು ತೆಗೆದ್ರೆ ಅಳತೆಗೆ ಸರಿಯಾಗಿ ಕೂರತ್ತೆ."

"ಹೊಲಿಗೆಗೆ ಅಂಚು ಬಿಟ್ಟಿದ್ದಕ್ಕೆ ನಕ್ಕಿದ್ದೆಯಲ್ಲ?"

"ಇನ್ನು ಜೀವಮಾನದಲ್ಲಿ ನಗಲ್ಲ."

ಗೆರೆ ಕೊರೆದು, ಮೇಜಿನ ಅಂಚಿಗಿಟ್ಟು ಅವಳೇ ಮುರಿದಳು. ಪಟ್! ಒಂದೇ ಪೆಟ್ಟು. ಮಿಕ್ಕ ಅಂಚುಗಳನ್ನೂ ಹಾಗೇ ತೆಗೆದು ಸ್ಕ್ರೂ ಬಿಗಿಯುತ್ತಿರುವಾಗ ಆ ಸದ್ದಿಗೆ ಅಣ್ಣ ಕೋಣೆಯಿಂದ ಹೊರಬಂದ. ಅಕ್ರಿಲಿಕ್ ಪೆಟ್ಟಿಗೆಯನ್ನು ನೋಡಿದ, ಶೋಕೇಸನ್ನು ನೋಡಿದ. ಮೊದಲು ನಡೆದು ಹೋಗಿ ಬೀದಿ ಕಡೆಯ ಕಿಟಕಿಯ ಪರದೆ ಎಳೆದ.

"ಇವನು ಇಲ್ಲಿ ಯಾಕೆ?"

"ನಾನು ಕರೆದೆ," ಅಂದಳು ಟೈಲರಮ್ಮ.

"ಏನಿದು ಬೆತ್ತಲೆ ಯಂತ್ರ? ಇದಕ್ಕೊಂದು ಕವರ್ ಹೊಲಿ. ಅವನನ್ನ ಕಳಿಸು. ಅವತ್ತು ಹೇಳಿದ್ದು ಮರೆತುಹೋಯ್ತಾ?"

"ಮರೆತಿಲ್ಲ ಅಣ್ಣ." ಅವಳು ಕೊನೆಯ ಸ್ಕ್ರೂ ಬಿಗಿದಳು. "ನೀನು ತುತ್ತು ಹಾಕಿದ್ದೂ ಮರೆತಿಲ್ಲ. ಅದಕ್ಕೇ ಈ ಮನೇಲಿ ನೀನು ತೋರಿಸಿದ್ದಕ್ಕೆಲ್ಲ ಕವರ್ ಹೊಲಿದೆ. ಕೊನೆಗೆ ನನಗೂ ಒಂದು ಹೊಲಿದುಕೊಂಡೆ. ಇದಕ್ಕೆ ಮಾತ್ರ ಹೊಲಿಯಲ್ಲ."

"ಹಾಗಾದ್ರೆ ಮಷೀನು ಬೀದಿಗೆ."

"ಮಷೀನಿಗೆ ಚಕ್ರ ಇದೆ. ನೀನು ಕಷ್ಟಪಡಬೇಡ, ನಾನೇ ತಳ್ಕೊಂಡು ಹೋಗ್ತೀನಿ."

ಅತ್ತಿಗೆ ಎದ್ದಳು. ಕಿಟಕಿಗೆ ಹೋಗಿ, ಗಂಡ ಎಳೆದ ಪರದೆಯನ್ನು ಮತ್ತೆ ಸರಿಸಿ, ಏನೂ ಆಗದವಳಂತೆ ಬಂದು ಕೂತಳು. ಬೆಳಕು ಮೇಜಿನುದ್ದಕ್ಕೂ ಬಂದು ಪೆಟ್ಟಿಗೆಯೊಳಗೆ ಇಳಿಯಿತು.

ಟೈಲರಮ್ಮ ಕೆಂಪು ಗುಂಡಿ ಒತ್ತಿದಳು. ಫ್ಯಾನು ಒಮ್ಮೆ ತಡವರಿಸಿ ತಿರುಗತೊಡಗಿತು. ತಿರುಗುವುದು ಎಲ್ಲರಿಗೂ ಕಾಣುತ್ತಿತ್ತು. ಪಕ್ಕದ ಮಾನಿಟರಿನ ಮೇಲೆ ಬೆಳಕು ಬಂತು. ಅವಳು ಕಾಗದ ತೆರೆದಳು; ಹಳೆಯ ತಾರೀಖಿನ ಕೆಳಗೆ ಅದು ಇದ್ದ ಹಾಗೇ ಇತ್ತು. ಅವಳು ಮಾನಿಟರನ್ನು ತನ್ನ ಕಡೆ ತಿರುಗಿಸಿಕೊಳ್ಳಲಿಲ್ಲ. ಅಣ್ಣನ ಕಡೆಗೇ ಬಿಟ್ಟಳು.

*ನೀನು ಕೇಳಿದ್ದಕ್ಕೆ ಹೌದು. ಅಣ್ಣನನ್ನು ಕೇಳಿ ಹೇಳುತ್ತಿಲ್ಲ, ಅಣ್ಣನಿಗೂ ಹೇಳುತ್ತೇನೆ. ಮಖಮಲ್ಲಿನ ಅಳತೆ ನನಗೆ ಮೊದಲ ಸಲವೇ ಗೊತ್ತಾಗುತ್ತಿತ್ತು. ಮತ್ತೆ ಮತ್ತೆ ಕೇಳಿದ್ದು ಬೇರೆ ಕಾರಣಕ್ಕೆ.*

ಅಣ್ಣ ಓದಿದ. ತಾರೀಖನ್ನು ಇನ್ನೊಮ್ಮೆ ಓದಿದ. ಶೋಕೇಸ್ ನಿಂತಿದ್ದ ಕಡೆಗೆ ಅಕ್ಷರ ಕಾಣುತ್ತಿರಲಿಲ್ಲ. ಅವನು ಹತ್ತಿರ ಬಂದು ಇಣುಕಲೂ ಇಲ್ಲ. ಪಾರದರ್ಶಕ ಪೆಟ್ಟಿಗೆಯ ಆಚೆ ಕೈ ಕಟ್ಟಿ ನಿಂತು ಅವಳನ್ನೇ ನೋಡುತ್ತಿದ್ದ.

"ತಡವಾಯ್ತು," ಅಂದಳು ಅವಳು.

"ಬರಲಿ ಬಿಡು. ನಾನೆಲ್ಲೂ ಹೋಗಿಲ್ಲ."

ಅವಳು ಕಳಿಸು ಎಂಬಲ್ಲಿ ಒತ್ತಿದಳು. ಶೋಕೇಸಿನ ಜೇಬಿನಲ್ಲಿ ಫೋನು ಟಿಂಗ್ ಎಂದಿತು.

"ಏನದು ಸದ್ದು?" ಅಣ್ಣನಿಗೆ ಅಷ್ಟೇ ಕೇಳಲಾಯಿತು.

"ಕಾಗದ ಬಂತು," ಅಂದಳು ಅತ್ತಿಗೆ.