ಎರಡು ಸ್ಪೂನ್ ಸಕ್ಕರೆ

"ಸೈನ್ಸ್ ಎಕ್ಸಿಬಿಷನ್‌ಗೆ ನಾವಿಬ್ರೇ ಪಾರ್ಟ್ನರ್ಸ್, ಪ್ರಾಮಿಸ್" ಎಂದು ಮೂರನೇ ಕ್ಲಾಸಿನಲ್ಲಿದ್ದಾಗ ಲಿಂಗರಾಜಪುರದ ಬಸ್‌ಸ್ಟಾಪಿನಲ್ಲಿ ಆತಿಕಾ ಕಾವೇರಿಯ ಕೈ ಹಿಡಿದು ಹೇಳಿದ್ದಳು. ಎಕ್ಸಿಬಿಷನ್ ಇದ್ದದ್ದು ಆರನೇ ಕ್ಲಾಸಿನವರಿಗೆ ಮಾತ್ರ. ಕಾವೇರಿ ಮೂರು ವರ್ಷ ಕಾದಿದ್ದಳು.

ಈಗ, ಆರನೇ ಕ್ಲಾಸಿನ ಲ್ಯಾಬಿನಲ್ಲಿ, ಆತಿಕಾ ಮಹೀನ್ ಪಕ್ಕ ನಿಂತಿದ್ದಳು. ಮಹೀನ್ ಈ ಜೂನ್‌ನಲ್ಲಷ್ಟೇ ಶಾಲೆಗೆ ಸೇರಿದವಳು. ಇಬ್ಬರೂ ತಮ್ಮ ಮನೆಮಾತಾದ ದಖನಿ ಉರ್ದುವಿನಲ್ಲಿ ಏನೋ ಹೇಳಿಕೊಂಡು ಕಿಸಕ್ಕನೆ ನಕ್ಕರು. ಕಾವೇರಿಗೆ ಒಂದಕ್ಷರವೂ ತಿಳಿಯಲಿಲ್ಲ. ಹೊಟ್ಟೆ ಉರಿಯಿತು.

ಅವಳಿಗೆ ಸಿಕ್ಕ ಪಾರ್ಟ್ನರ್ ಭೀಮಾಶಂಕರ. ಆಗಲೇ ಎರಡು ಬಲೂನು ಒಡೆದಿದ್ದ.

"ಬಾಟಲಿಗೆ ಯೀಸ್ಟ್, ಸಕ್ಕರೆ, ಉಗುರುಬೆಚ್ಚಗಿನ ನೀರು. ಬಾಯಿಗೆ ಬಲೂನು" ಎಂದರು ಸೌಂದರ್ಯಾ ಮಿಸ್. "ಯೀಸ್ಟ್ ಒಂದೇ ಜೀವಕೋಶದ ಜೀವಿ. ಬಾಯಿಲ್ಲ, ಹೊಟ್ಟೆಯಿಲ್ಲ. ಮೈಯಿಂದಲೇ ಸಕ್ಕರೆ ಹೀರಿ ಶಕ್ತಿ ಮಾಡ್ಕೊಳ್ಳತ್ತೆ, ಗ್ಯಾಸ್ ಬಿಡತ್ತೆ. ಬಲೂನು ಎದ್ದ ಬಾಟಲಿಗೆ ಮಾತ್ರ ನಾಳೆ ಎಕ್ಸಿಬಿಷನ್‌ನಲ್ಲಿ ಟೇಬಲ್."

"ನಮ್ಮಣ್ಣನೂ ಗ್ಯಾಸ್ ಬಿಡ್ತಾನೆ ಮಿಸ್" ಎಂದ ಭೀಮಾಶಂಕರ. ಕಾವೇರಿಯೊಬ್ಬಳು ಮಾತ್ರ ನಗಲಿಲ್ಲ.

"ಕಾವೇರಿ, ನಮ್ಮದಕ್ಕೂ ಎರಡು ಸ್ಪೂನ್ ಸಕ್ಕರೆ ಹಾಕಿರು ಕಣೇ, ನೀರು ತರ್ತೀವಿ." ಆತಿಕಾ ಪೊಟ್ಟಣ ಕೊಟ್ಟು, ಮಹೀನ್ ಕೈ ಹಿಡಿದು ಓಡಿದಳು.

ಕಾವೇರಿ ಪೊಟ್ಟಣವನ್ನು ಯೂನಿಫಾರ್ಮ್ ಜೇಬಿಗೆ ಇಳಿಸಿದಳು.

ಮುಕ್ಕಾಲು ಗಂಟೆಯಲ್ಲಿ ಅವಳ ಬಲೂನು ನೆಟ್ಟಗೆ ನಿಂತಿತು. ಆತಿಕಾಳದು ಒದ್ದೆ ಸಾಕ್ಸಿನ ಹಾಗೆ ಜೋತುಬಿದ್ದಿತ್ತು.

"ನಮ್ಮ ಅಬ್ಬಾನ ಬೇಕರಿಯ ಯೀಸ್ಟ್ ಅದು." ಆತಿಕಾಳ ದನಿ ಸಣ್ಣಗಾಯಿತು. "ಹಿಟ್ಟು ಕಲಸೋ ಮುಂಚೆ ದಿನಾ ಸ್ವಲ್ಪ ಯೀಸ್ಟ್‌ಗೆ ಚಿಟಿಕೆ ಸಕ್ಕರೆ ಕೊಟ್ಟು ನೋಡ್ತಾರೆ, ನೊರೆ ಬಂದ್ರೆ ಜೀವ ಇದೆ ಅಂತ. ಇವತ್ತೂ ನೋಡಿದ್ರು. ನೀರು ಜಾಸ್ತಿ ಬಿಸಿ ಇತ್ತೇನೋ. ನಾನೇ ಸಾಯಿಸ್ಬಿಟ್ಟೆ ಮಿಸ್."

ಅವಳು ತನ್ನ ಕಡೆ ತಿರುಗುತ್ತಾಳೆಂದು ಕಾವೇರಿ ಕಾದಳು. ಆತಿಕಾ ತಿರುಗಲಿಲ್ಲ. ಸಂಶಯವೇ ಬಂದಿರಲಿಲ್ಲ ಅವಳಿಗೆ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ಕಾವೇರಿ ಎದ್ದು ಹೋಗಿ ಆ ಬಲೂನು ಬಿಚ್ಚಿದಳು. ಜೇಬಿನಿಂದ ಪೊಟ್ಟಣ ತೆಗೆದಳು.

"ಸತ್ತಿಲ್ಲ. ಹಸಿದಿದೆ. ನಾನೇ ಸಕ್ಕರೆ ಹಾಕ್ಲಿಲ್ಲ."

ಮಹೀನ್ ದಖನಿಯಲ್ಲಿ ಏನೋ ಕೇಳಿದಳು. ಆತಿಕಾ ಕಾವೇರಿಯನ್ನೇ ನೋಡಿದಳು. ಸಕ್ಕರೆ ಬಿದ್ದ ಬಾಟಲಿಯನ್ನು ಮಿಸ್ ಬೆಚ್ಚಗಿನ ನೀರಿನ ಮಗ್ಗಿನಲ್ಲಿ ಇಟ್ಟರು.

ಬೆಲ್ ಹೊಡೆದರೂ ಕಾವೇರಿ ಕದಲಲಿಲ್ಲ. ತುಂಬಾ ಹೊತ್ತಿನ ಮೇಲೆ ಬಲೂನು ಒಂಚೂರು ಅಲುಗಿತು, ಆಮೇಲೆ ಮೆಲ್ಲಗೆ ತಲೆಯೆತ್ತಿತು. ತನ್ನದು ಎಷ್ಟು ದೊಡ್ಡದಾಗಿದೆ ಎಂದು ಅವಳು ಆವತ್ತು ನೋಡಲೇ ಇಲ್ಲ.

ಮರುದಿನ ಎರಡು ಬಾಟಲಿಗಳಿಗೂ ಟೇಬಲ್ ಸಿಕ್ಕಿತು. ಆತಿಕಾ ಮಹೀನ್ ಜೊತೆ ನಿಂತಳು. ಮೂರನೇ ಕ್ಲಾಸಿನ ಮಾತು ಮುರಿದೇ ಉಳಿಯಿತು.